ಹಿರಿಯೂರಿನ ಬೇಳೆ ಪ್ರದರ್ಶನ

ಕೂತಲ್ಲಿ ನನ್ನ ಬಲಗಾಲು ಅಲ್ಲಾಡುತ್ತದೆ. ಡಾಕ್ಟರು ನೋಡಿ ನರದ ತೊಂದರೆ ಏನೂ ಇಲ್ಲ ಎಂದರು. ಮನೆಯವಳು ನೋಡಿ ಬುದ್ಧಿಯ ತೊಂದರೆ ಎಂದಳು. ಎರಡೂ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ್ದೇನೆ. ಎರಡನೆಯದಕ್ಕೆ ಸಾಕ್ಷ್ಯ ಹೆಚ್ಚು.

ಇದು ಹುಟ್ಟಿನಿಂದ ಬಂದದ್ದು. ಜಗಲಿಯ ಅಂಚಿಗೆ ಕಾಲು ಇಳಿಬಿಟ್ಟು ಕೂತೆನೆಂದರೆ ಅಜ್ಜಿಯ ಬೀಸಣಿಗೆಯ ಹಿಡಿ ಮಂಡಿಗೆ ಬೀಳುತ್ತಿತ್ತು. “ಕಾಲು ಅಲ್ಲಾಡಿಸಬ್ಯಾಡ ಕಣೋ, ಮನೆಯಾಗಿರೋ ಲಕ್ಷ್ಮಿ ಎದ್ದು ಹೋಗ್ತಾಳೆ” ಎನ್ನುತ್ತಿದ್ದಳು. “ಅವಳು ನಮ್ಮನೆಗೆ ಬಂದಿದ್ದು ಯಾವಾಗಜ್ಜಿ?” ಎಂದು ನಾನೊಮ್ಮೆ ವಿಚಾರಿಸಿದೆ. ವಿಷಯ ತಿಳಿದುಕೊಳ್ಳಬೇಕೆಂಬ ಪ್ರಾಮಾಣಿಕ ಪ್ರಶ್ನೆ ಅದು. ಉತ್ತರ ಮತ್ತೆ ಬೀಸಣಿಗೆಯ ಹಿಡಿಯಿಂದಲೇ ಬಂತು. ಪತ್ರಿಕಾ ವೃತ್ತಿಯ ಮೊದಲ ಪಾಠ ನನಗೆ ಹೀಗೆ ಆಯಿತು.

ಪ್ರೈಮರಿ ಶಾಲೆಯ ನಾಟಕದಲ್ಲಿ ನನಗೆ ಮರದ ಪಾತ್ರ. ಮೂರು ಮರಗಳಲ್ಲಿ ಎರಡನೆಯದು. ಗಾಳಿ ಬೀಸಿದಾಗ ಮಾತ್ರ ಅಲ್ಲಾಡಬೇಕು ಎಂದು ಮೇಷ್ಟ್ರು ಹೇಳಿದ್ದರು. ಮಿಕ್ಕ ಎರಡು ಮರಗಳು ಮಾತು ಕೇಳಿದವು. ನಾನು ಗಾಳಿಯಿಲ್ಲದ ದೃಶ್ಯದಲ್ಲೂ ಅಲ್ಲಾಡಿದೆ, ರಾಜನ ಸಾವಿನ ದೃಶ್ಯದಲ್ಲೂ ಅಲ್ಲಾಡಿದೆ. “ಆ ನಡುವಿನ ಮರದಾಗೆ ಕೋತಿ ಐತೆ” ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ರಾಜ ಸತ್ತಲ್ಲೇ ನಕ್ಕ.

ಇಷ್ಟನ್ನೆಲ್ಲ ಮೊದಲೇ ಏಕೆ ಹೇಳುತ್ತಿದ್ದೇನೆಂದರೆ, ಇಂಥ ಕಾಲಿನ ಮನುಷ್ಯ ಒಂದೇ ತಿಂಗಳಲ್ಲಿ ಐದು ಸಂಜೆ ಒಂದು ಕುಣಿತದ ಮುಂದೆ ಮಿಸುಕಾಡದೆ ಕೂತಿದ್ದ ಎಂದರೆ ನೀವು ನಂಬಲಾರಿರಿ. ನಾನೂ ನಂಬುತ್ತಿರಲಿಲ್ಲ. ಮೊದಲ ದಿನ ಮುಗಿದು ಎದ್ದು ನಿಲ್ಲಲು ಹೋದಾಗ ಕಾಲು ಜೋಮು ಹಿಡಿದು ಪಕ್ಕದವರ ಮೇಲೆ ಬಿದ್ದೆ. ಕಾಲು ಅಲ್ಲಾಡದಿದ್ದರೆ ಜೋಮು ಹಿಡಿಯುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ರಾಜ್ಯ ಒಂದುಗೂಡಿದ ಹೊಸದು. ನಾನಾಗ ಚಿತ್ರದುರ್ಗದ ನಾಲ್ಕು ಪುಟದ ದಿನಪತ್ರಿಕೆಯೊಂದರಲ್ಲಿ ಉಪಸಂಪಾದಕ. ಹೆಸರು ದೊಡ್ಡದು, ಕೆಲಸ ತಾಲ್ಲೂಕುಗಳಿಂದ ಬಂದ ಸುದ್ದಿಯ ಕಾಗದಗಳನ್ನು ತಿದ್ದುವುದು, ಪ್ರೂಫ್ ನೋಡುವುದು, ಊರಿನ ಸಭೆ ಸಮಾರಂಭಗಳಿಗೆ ಹೋಗಿ ನಾಲ್ಕು ಸಾಲು ಬರೆಯುವುದು. ಯಾರು, ಏನು, ಎಲ್ಲಿ, ಯಾವಾಗ. ನಮ್ಮ ಸಂಪಾದಕರಿಗೆ ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ. ವರದಿಯಲ್ಲಿ ಎಲ್ಲಾದರೂ ‘ಮನೋಹರ’, ‘ಅದ್ಭುತ’ ಕಂಡರೆ ಕಾಗದ ವಾಪಸು ಬರುತ್ತಿತ್ತು. “ವಿಶೇಷಣ ಉಳಿದಿದ್ದರೆ ಮನೆಗೆ ಒಯ್ದು ಹೆಂಡತಿಗೆ ಹೇಳು, ಅವಳಿಗಾದರೂ ಸಂತೋಷವಾಗಲಿ” ಎನ್ನುತ್ತಿದ್ದರು.

ಅಂಥ ಊರಿಗೆ ಬೆಂಗಳೂರಿನಿಂದ ಒಂದು ಬ್ಯಾಲೆ ಕಂಪನಿ ಬಂತು. ಒಂಬತ್ತು ಜನ, ಒಂದು ಹಳೆಯ ವ್ಯಾನು, ಎರಡು ಟ್ರಂಕು. ಅದರ ಒಡತಿಯೂ ಮುಖ್ಯ ನರ್ತಕಿಯೂ ಒಬ್ಬರೇ: ವಿಶಾಲಾಕ್ಷಮ್ಮ. ನಲವತ್ತು ದಾಟಿದವರು. ಚಿತ್ರದುರ್ಗದಲ್ಲಿ ಮೂರು ಸಂಜೆ, ಹೊಳಲ್ಕೆರೆಯಲ್ಲಿ ಒಂದು, ಹಿರಿಯೂರಿನಲ್ಲಿ ಒಂದು, ಕೊನೆಗೆ ಹೊಸದುರ್ಗದಲ್ಲಿ ಒಂದು. ಅಲ್ಲಿಗೆ ಆ ವರ್ಷದ ಅವರ ತಿರುಗಾಟ ಮುಗಿಯುವುದಿತ್ತು.

ನಮ್ಮ ಕಡೆಯ ಜನಕ್ಕೆ ಕಂಪನಿ ಎಂದರೆ ನಾಟಕದ ಕಂಪನಿ. ಅಲ್ಲಿ ಮಾತಿರುತ್ತದೆ, ಹಾಡಿರುತ್ತದೆ, ನಡುನಡುವೆ ಹಾಸ್ಯದವನು ಬಂದು ಊರಿನ ಛೇರ್ಮನ್ನರನ್ನು ಸಣ್ಣಗೆ ಚುಚ್ಚಿ ಹೋಗುತ್ತಾನೆ. ಇಲ್ಲಿ ಪರದೆ ಸರಿದು ಅರ್ಧ ಗಂಟೆಯಾದರೂ ಯಾರೂ ಬಾಯಿ ಬಿಡಲಿಲ್ಲ. ನನ್ನ ಪಕ್ಕದಲ್ಲಿದ್ದ ಹತ್ತಿ ಮಂಡಿಯವರು ಮೊಣಕೈಯಿಂದ ತಿವಿದರು.

“ಮಾತು ಯಾವಾಗ ಶುರುವಾಗ್ತೈತ್ರಿ?”

“ಇದರಲ್ಲಿ ಮಾತಿಲ್ಲವಂತೆ.”

“ಪಾಪ. ಎಲ್ಲಾರಿಗೂನಾ?”

ಅವರು ವಿರಾಮದಲ್ಲಿ ಎದ್ದು ಹೋದರು. ನಾನು ಉಳಿದೆ. ನಾಲ್ಕು ಸಾಲಿನ ವರದಿಗೆ ಅಷ್ಟು ಹೊತ್ತು ಬೇಕಿರಲಿಲ್ಲ. ವಿಶಾಲಾಕ್ಷಮ್ಮ ರಂಗದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸುಮ್ಮನೆ ನಡೆದು ಹೋಗುತ್ತಿದ್ದರು. ಅಷ್ಟರಲ್ಲೇ ಬೆಳಗಾಗಿ, ಮಧ್ಯಾಹ್ನವಾಗಿ, ಸಂಜೆಯಾದದ್ದು ಗೊತ್ತಾಗುತ್ತಿತ್ತು. ದೀಪ ಬದಲಾಗಿರಲಿಲ್ಲ. ಬದಲಾದದ್ದು ಹೆಜ್ಜೆಯ ಭಾರ. ಇದನ್ನು ವರದಿಯಲ್ಲಿ ಹೇಗೆ ಬರೆಯುವುದು? ‘ನೃತ್ಯ ಕಾರ್ಯಕ್ರಮ ನಡೆಯಿತು’ ಎಂದು ಬರೆದೆ. ಮರುದಿನ ಯಾರೂ ಕಳಿಸದಿದ್ದರೂ ಹೋದೆ. ಆ ದಿನ ಚಿತ್ರದುರ್ಗದ ಗಾಳಿ ಕಿಟಕಿಯಿಂದ ನುಗ್ಗಿ ಪರದೆಯನ್ನು ಅವರ ಮೈಮೇಲೆ ಎತ್ತಿ ಹಾಕಿತು. ಅವರು ತಾಳ ತಪ್ಪಿಸದೆ ಅದರೊಳಗಿಂದ ಹೇಗೆ ಹೊರಬಂದರೆಂದರೆ, ಅದನ್ನೂ ಅಭ್ಯಾಸ ಮಾಡಿದ್ದಾರೇನೋ ಎಂದುಕೊಂಡೆ. ಮೂರನೆಯ ದಿನ ಆ ಭಾಗ ಬಂದಾಗ ಗಾಳಿ ಬೀಸಲಿಲ್ಲವಲ್ಲ ಎಂದು ನನಗೆ ಬೇಸರವಾಯಿತು. ಅಭಿಮಾನಿ ಎನ್ನುವುದು ಇಂಥವನನ್ನೇ ಇರಬೇಕು.

ಮೂರನೆಯ ದಿನ ಬೆಳಿಗ್ಗೆ ಅವರು ಇಳಿದುಕೊಂಡಿದ್ದ ಛತ್ರಕ್ಕೆ ಹೋದೆ. ಕಲಾವಿದರ ಹೆಸರುಗಳ ಕಾಗುಣಿತ ಸರಿಯಾಗಿದೆಯೇ ನೋಡಬೇಕಿತ್ತು ಎಂದೆ. ವಿಶಾಲಾಕ್ಷಮ್ಮನ ಹೆಸರಿನಲ್ಲಿ ತಪ್ಪಲು ಏನಿದೆ ಎಂದು ಅವರು ಕೇಳಲಿಲ್ಲ; ದೊಡ್ಡತನ. ಮಾಸಿದ ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು, ಕಲ್ಲುಚಪ್ಪಡಿಯ ಮೇಲೆ ಬರಿಗಾಲಲ್ಲಿ ಹೊಸದೊಂದನ್ನು ಅಭ್ಯಾಸ ಮಾಡುತ್ತಿದ್ದರು. ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಿದ್ದರಿಂದ ಚಪ್ಪಡಿಯ ಮೇಲೆಲ್ಲ ಹೆಜ್ಜೆಯ ಗುರುತು.

ಕುರಿ ಕಾಯುವ ಹೆಂಗಸಿನ ಕತೆ ಅದು. ಸಂಜೆ ಮಂದೆ ಎಣಿಸುತ್ತಾಳೆ, ಒಂದು ಕಡಿಮೆ. ಹುಡುಕಲು ಹೊರಡುತ್ತಾಳೆ. ಕಲ್ಲು ಹತ್ತುತ್ತಾಳೆ, ಮುಳ್ಳು ಸರಿಸುತ್ತಾಳೆ, ಹಳ್ಳಕ್ಕೆ ಇಳಿಯುತ್ತಾಳೆ. ಒಂದು ಕಡೆ ಎಲ್ಲೋ ಸದ್ದು ಕೇಳಿದಂತಾಗಿ ಕತ್ತು ಹೊರಳಿಸಿ ನಿಲ್ಲುತ್ತಾಳೆ. ನನ್ನ ಬೆನ್ನ ಹಿಂದೆ ಕುರಿಯಿದೆ ಎನ್ನುವಷ್ಟು ನಿಜವಾಗಿ ಅವರು ನನ್ನ ಕಡೆ ನೋಡಿದರು. ನಾನು ತಿರುಗಿ ನೋಡಿಯೂಬಿಟ್ಟೆ. ಹಿಂದೆ ಛತ್ರದ ಗೋಡೆ.

ಅಷ್ಟಕ್ಕೆ ಅವರು ಕಾಲು ಬಿಟ್ಟು ಕೂತರು.

“ಆಮೇಲೆ? ಕುರಿ ಸಿಕ್ತಾ ಅಮ್ಮ?”

“ಗೊತ್ತಿಲ್ಲ. ಕೊನೆ ಇನ್ನೂ ಕೈಗೆ ಹತ್ತಿಲ್ಲ” ಎಂದು ನಕ್ಕರು. “ಹೊಸದುರ್ಗದ ಹೊತ್ತಿಗೆ ಹತ್ತುತ್ತೆ. ಅಲ್ಲೇ ಮೊದಲು ಮಾಡೋದು. ಅಲ್ಲಿಗೆ ಬನ್ನಿ.” ನಾನು ಬಾಗಿಲು ದಾಟುವಾಗ ಕರೆದು ಹೇಳಿದರು: “ನಿಮ್ಮ ಪೇಪರಲ್ಲಿ ಬರೀ ನೃತ್ಯ ನೃತ್ಯ ಅಂತ ಹಾಕ್ತೀರಿ. ಮದುವೆ ಮನೆಯಲ್ಲಿ ಕುಣಿದರೂ ನೃತ್ಯವೇ. ನಾವು ಮಾಡೋದು ಬ್ಯಾಲೆ. ಇನ್ನು ಮೇಲಾದರೂ ಹಾಗೇ ಹಾಕಿ.”

ಹಾಕುತ್ತೇನೆಂದು ಮಾತು ಕೊಟ್ಟೆ. ಆ ದಿನದಿಂದ ನನಗೆ ನೆಮ್ಮದಿಯಿಲ್ಲ. ತಾಲ್ಲೂಕು ಬೋರ್ಡಿನ ಸಭೆಯಲ್ಲಿ ಕೂತು ನೀರಿನ ಪೈಪಿನ ಚರ್ಚೆ ಬರೆದುಕೊಳ್ಳುವಾಗಲೂ ಆ ಹೆಂಗಸು ಹಳ್ಳದಲ್ಲಿ ಕತ್ತು ಹೊರಳಿಸಿ ನಿಂತೇ ಇರುತ್ತಿದ್ದಳು. ಕುರಿ ಸಿಗುತ್ತದೋ ಇಲ್ಲವೋ? ಇಪ್ಪತ್ತೆಂಟು ವರ್ಷದ, ಮದುವೆಯಾದ, ಸಂಬಳ ತರುವ ಗಂಡಸೊಬ್ಬ, ಇಲ್ಲದ ಕುರಿಯೊಂದರ ಚಿಂತೆಯಲ್ಲಿದ್ದ.

ಹೊಳಲ್ಕೆರೆಗೂ ಹೋದೆ. ಅಲ್ಲಿ ಪ್ರೇಕ್ಷಕರು ಏಳು ಜನ, ನನ್ನನ್ನೂ ಸೇರಿಸಿ. ಏಳರಲ್ಲಿ ಇಬ್ಬರು ಕುರ್ಚಿ ಬಾಡಿಗೆಗೆ ಕೊಟ್ಟವರು. ಕುರ್ಚಿ ಹುಷಾರಾಗಿ ನೋಡಿಕೊಳ್ಳಲು ಬಂದಿದ್ದರು. ಮುಗಿದ ಮೇಲೆ ವಿಶಾಲಾಕ್ಷಮ್ಮ ರಂಗದ ಅಂಚಿನಲ್ಲಿ ಕೂತು ಗೆಜ್ಜೆಯ ದಾರ ಬಿಚ್ಚುತ್ತ ತಂಡದವರಿಗೆ ಹೇಳಿದ್ದು ನನಗೂ ಕೇಳಿಸಿತು: “ಹಿರಿಯೂರಲ್ಲೂ ಕುರ್ಚಿಗಳಿಗೇ ಕುಣಿಯೋದಾದರೆ ಅಲ್ಲಿಂದಲೇ ವ್ಯಾನು ತಿರುಗಿಸಿಬಿಡೋಣ. ಹೊಸದುರ್ಗ ಬೇಡ.”

ಹಿರಿಯೂರಿಗೆ ಇನ್ನು ಎರಡು ದಿನವಿತ್ತು. ಅಲ್ಲಿ ಜನ ಬಾರದಿದ್ದರೆ ಹೊಸದುರ್ಗವಿಲ್ಲ. ಹೊಸದುರ್ಗವಿಲ್ಲದಿದ್ದರೆ ಕುರಿಯ ಕೊನೆಯಿಲ್ಲ. ಮರುದಿನ ಬೆಳಿಗ್ಗೆ ಆಫೀಸಿಗೆ ಬಂದವನೇ ಹಿರಿಯೂರಿನ ಪ್ರಕಟಣೆ ಬರೆದೆ. ಕೊಟ್ಟ ಮಾತಿನಂತೆ ಮೊದಲ ಬಾರಿಗೆ ‘ಬ್ಯಾಲೆ’ ಎಂಬ ಪದ ಹಾಕಿದೆ.

ಈಗ ನಮ್ಮ ಅಚ್ಚುಕೂಟದ ಗೋಡೆಯ ವಿಷಯ ಹೇಳಬೇಕು. ನಮ್ಮ ತಾಲ್ಲೂಕು ಸುದ್ದಿಗಾರರು ಮಾತಾಡಿದಂತೆಯೇ ಬರೆಯುವವರು. ಬೇಡ ಎನ್ನುವುದು ಬ್ಯಾಡ, ಬೇಸಿಗೆ ಬ್ಯಾಸಿಗೆ, ಬೇಳೆ ಬ್ಯಾಳೆ. ಹಿರಿಯೂರಿನವನಿಗಂತೂ ಲ ಬೇರೆ, ಳ ಬೇರೆ ಎಂಬುದೇ ಒಪ್ಪಿಗೆಯಿರಲಿಲ್ಲ. ‘ತಾಲ್ಲೂಕಿನಾದ್ಯಂತ ಉತ್ತಮ ಮಲೆ’ ಎಂದು ಬರೆದು, ಬಯಲುಸೀಮೆಯಲ್ಲಿ ಓದುಗರು ಬೆಟ್ಟ ಹುಡುಕುವಂತೆ ಮಾಡಿದ್ದ. ಇದನ್ನು ನಿಲ್ಲಿಸಲು ನಾನೇ ಒಂದು ಪಟ್ಟಿ ಬರೆದು, ಅಚ್ಚಿನ ಮೊಳೆ ಜೋಡಿಸುವವರ ಎದುರಿನ ಗೋಡೆಗೆ ಅಂಟಿಸಿದ್ದೆ. ‘ಬ್ಯಾ ಬಂದಲ್ಲಿ ಬೇ ಜೋಡಿಸುವುದು. ಲ, ಳ ಗಮನಿಸಿ ತಿದ್ದುವುದು.’ ನಮ್ಮ ಹಿರಿಯ ಕಂಪಾಸಿಟರ್ ರುದ್ರಪ್ಪ ಒಮ್ಮೆ ಬ್ಯಾಂಕನ್ನು ಬೇಂಕು ಮಾಡಿದ ಮೇಲೆ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ‘ಬ್ಯಾಂಕು, ಬ್ಯಾಟರಿ, ಬ್ಯಾಂಡು ಹೊರತು.’

ಹೊರತಾದ ಮೂರರಲ್ಲಿ ಬ್ಯಾಲೆ ಇರಲಿಲ್ಲ. ರುದ್ರಪ್ಪನಿಗೆ ಆ ಪದ ಗೊತ್ತಿರಲಿಲ್ಲ. ಪಟ್ಟಿ ಗೊತ್ತಿತ್ತು. ಬ್ಯಾ ಇದ್ದಲ್ಲಿ ಬೇ ಮಾಡಿದ, ಲೆ ಇದ್ದಲ್ಲಿ ಳೆ ಮಾಡಿದ. ಶಿಸ್ತಿನ ಮನುಷ್ಯ.

ಪ್ರಕಟಣೆಗಳ ಪುಟದ ಪ್ರೂಫ್ ಮಧ್ಯಾಹ್ನ ಊಟ ಮುಗಿಯುವ ಹೊತ್ತಿಗೆ ನನ್ನ ಮೇಜಿಗೆ ಬರುತ್ತಿತ್ತು. ಅಂದೂ ಬಂತು. ಓದುತ್ತ ಹೋದೆ: ‘ಹಿರಿಯೂರಿನಲ್ಲಿ ಇಂದು ಸಂಜೆ ಆರು ಗಂಟೆಗೆ ಬೆಂಗಳೂರಿನ ತಂಡವೊಂದು ಹೊಸ ಪ್ರಯೋಗಗಳನ್ನೊಳಗೊಂಡ ಬೇಳೆ ಪ್ರದರ್ಶನ ನೀಡಲಿದೆ. ಸಾರ್ವಜನಿಕರು ಹೆಚ್ಚಿನ ಸಂಖ್ಯೆಯಲ್ಲಿ ಆಗಮಿಸಬೇಕಾಗಿ ಕೋರಲಾಗಿದೆ.’

ಪೆನ್ಸಿಲು ಅಲ್ಲಿ ನಿಂತಿತು.

ಹಿರಿಯೂರಿನ ಪಕ್ಕದಲ್ಲೇ ಬಬ್ಬೂರು. ಅಲ್ಲಿ ಕೃಷಿ ಸಂಶೋಧನೆಯ ಫಾರಂ. ಆ ಕಡೆಯ ಜನ ಬೀಜದ ಪ್ರದರ್ಶನ, ಗೊಬ್ಬರದ ಪ್ರದರ್ಶನ, ನೇಗಿಲಿನ ಪ್ರದರ್ಶನ ಎಲ್ಲವನ್ನೂ ನೋಡಿದವರು. ಬೇಳೆ ಪ್ರದರ್ಶನ ಎಂದರೆ ನಂಬುತ್ತಾರೆ. ನಂಬಿದರೆ ಬರುತ್ತಾರೆ. ಇದೆಲ್ಲ ಹೊಳೆಯಲು ನನಗೆ ಎಷ್ಟು ಹೊತ್ತು ಬೇಕಾಯಿತೋ ಅಷ್ಟೇ ಹೊತ್ತು ಪೆನ್ಸಿಲು ನಿಂತಿದ್ದು. ಆಮೇಲೆ ಮುಂದಕ್ಕೆ ಹೋಯಿತು. ಕೆಳಗಿನ ಪ್ರಕಟಣೆಯಲ್ಲಿ ಬಿಟ್ಟುಹೋಗಿದ್ದ ಒಂದು ಅರ್ಧವಿರಾಮವನ್ನು ಹಾಕಿ, ಸಹಿ ಮಾಡಿ ಪ್ರೂಫ್ ವಾಪಸು ಕಳಿಸಿದೆ. ಅರ್ಧವಿರಾಮ ಬಿಡದವನು, ನೋಡಿ.

ಮರುದಿನ ಸಂಜೆ ಐದೂವರೆಗೇ ಹಿರಿಯೂರಿನ ಆ ಸಭಾಂಗಣ ತುಂಬಿತ್ತು. ತಲೆಗೆ ಟವಲು ಸುತ್ತಿದವರು, ಕಂಬಳಿ ಹೆಗಲಿಗೆ ಹಾಕಿದವರು, ಮಡಿಲಲ್ಲಿ ಮಗುವಿನ ಜೊತೆ ಒಂದು ಡಬ್ಬಿಯನ್ನೂ ಇಟ್ಟುಕೊಂಡ ಹೆಂಗಸರು. ತೊಗರಿ, ಹೆಸರು, ಅಲಸಂದೆ ಎಲ್ಲ ಗಂಟು ಕಟ್ಟಿಕೊಂಡು ಬಂದಿದ್ದವು. ಯಾರ ಕಣ್ಣಿಗೂ ಬೀಳದಂತೆ ಹಿಂದಿನ ಬೆಂಚಿನಲ್ಲಿ ಕೂತೆ. ಕೂತದ್ದು ಐಮಂಗಲದ ಒಬ್ಬ ಮುದುಕರ ಪಕ್ಕದಲ್ಲಿ. ಹೆಸರು ಕರಿಯಪ್ಪ, ಸುತ್ತಲಿದ್ದ ಊರವರು ಕರಿಯಜ್ಜ ಎನ್ನುತ್ತಿದ್ದರು. ತೊಡೆಯ ಮೇಲೆ ಬಿಳಿ ಬಟ್ಟೆಯ ಪುಟ್ಟ ಗಂಟು.

“ಬ್ಯಾಳೆ ಎಲ್ಲಿ ಇಟ್ಟವ್ರಪ್ಪ?” ಎಂದು ನನ್ನನ್ನೇ ಕೇಳಿದರು.

“ಪರದೆ ಹಿಂದೆ ಇರಬೇಕು ಕಣಜ್ಜ” ಎಂದ ಮುಂದಿನ ಬೆಂಚಿನವನು. ನಾನು ಬದುಕಿಕೊಂಡೆ.

ಪರದೆ ಸರಿಯಿತು. ಮೃದಂಗ ಶುರುವಾಯಿತು. ಐದು ಜನ ಹೆಂಗಸರು ಬಂದರು.

“ಲೇ, ಇದೇನ್ಲೇ? ಬ್ಯಾಳೆ ಅಂತ ಬಂದ್ರೆ ಹೆಣ್ಮಕ್ಳು ಕುಣೀತಾವ್ರೆ?”

“ಬ್ಯಾಳೆ ಬೇಯಾಕೆ ಹೊತ್ತು ಬೇಕಲ್ಲೋ. ಅಲ್ಲಿ ತಂಕ ಕುಣೀಲಿ ಬಿಡು. ಕುಂತ್ಕ.”

ನಗು ಇಡೀ ಸಭೆಗೆ ಹಬ್ಬಿತು. ನನ್ನ ಅದೃಷ್ಟವೋ ದುರದೃಷ್ಟವೋ, ಮೊದಲ ಕುಣಿತ ಬಿತ್ತನೆಯದು. ವಿಶಾಲಾಕ್ಷಮ್ಮ ಮಡಿಲಿನಿಂದ ಕಾಣದ ಬೀಜ ತೆಗೆದು ಸಾಲು ಹಿಡಿದು ಬಿತ್ತುತ್ತ ಬಂದರು. ನಗು ನಿಂತಿತು. ಕರಿಯಜ್ಜ ಮುಂದಕ್ಕೆ ಬಾಗಿದರು.

“ಕೈ ಸರಿಯಾಗೈತೆ. ಸೊಂಟ ಬಗ್ಗಿಲ್ಲ ನೋಡು” ಎಂದರು. ಸ್ವಲ್ಪ ಹೊತ್ತಿನ ನಂತರ: “ಆ ಕೊನೆಯೋಳು ಸಾಲು ಬಿಟ್ಲು. ಅಲ್ಲಿ ಏನೂ ಹುಟ್ಟಲ್ಲ.”

ಆ ಕೊನೆಯವಳು ಚಿತ್ರದುರ್ಗದಲ್ಲೂ ಮೂರು ದಿನ ಅದೇ ಜಾಗದಲ್ಲಿ ತಾಳ ತಪ್ಪಿಸಿದ್ದಳು. ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೆ.

ಎರಡು ಗಂಟೆ ನಡೆಯಿತು. ಎದ್ದು ಹೋದವರು ನಾಲ್ಕೈದು ಜನ ಮಾತ್ರ. ಮಿಕ್ಕವರು ಏಕೆ ಕೂತರು ಎಂಬುದನ್ನು ನಾನು ಬಹಳ ವರ್ಷ ಯೋಚಿಸಿದ್ದೇನೆ. ಕುಣಿತ ಹಿಡಿದು ಕೂರಿಸಿತು ಎಂದು ಬರೆಯಲು ಕೈ ತುರಿಸುತ್ತದೆ. ಆದರೆ ಐಮಂಗಲದ ಕಡೆಗೆ ಮುಂದಿನ ಬಸ್ಸು ಇದ್ದದ್ದು ಎಂಟೂವರೆಗೆ. ಬೇಳೆ ಕೊನೆಯಲ್ಲಿ ತೋರಿಸುತ್ತಾರೆಂಬ ಆಸೆಯೂ ಇತ್ತು. ಮೂರರಲ್ಲಿ ಯಾವುದು ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳುವ ಯೋಗ್ಯತೆ ನನಗಿರಲಿಲ್ಲ.

ಕೊನೆಗೆ ವಿಶಾಲಾಕ್ಷಮ್ಮ ಮುಂದೆ ಬಂದು ಮೂರು ದಿಕ್ಕಿಗೂ ತಿರುಗಿ ಕೈ ಮುಗಿದರು. ಮುಖದ ಬಣ್ಣದಲ್ಲಿ ಬೆವರಿನ ಗೆರೆ ಇಳಿದಿತ್ತು. ಜನ ಚಪ್ಪಾಳೆ ಹೊಡೆದರು. ಕೈಯಲ್ಲಿ ಗಂಟಿದ್ದವರು ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊಡೆದರು. ಕರಿಯಜ್ಜ ಎದ್ದು ನಿಂತರು.

“ಎಲ್ಲ ಚೆನ್ನಾಗಿತ್ತು ಕಣಪ್ಪ. ಈಗ ಬ್ಯಾಳೆ ಯಾರಿಗೆ ತೋರಿಸ್ಬೇಕು?”

“ಅವರು... ಹೊರಟು ಹೋದರು ಅಜ್ಜ.”

“ಅಷ್ಟು ಬಿರ್ರನೆ? ಹೋಗ್ಲಿ, ನೀನು ಓದಿದೋನ ಹಂಗೆ ಕಾಣ್ತೀಯ. ನೀನೇ ಮುಟ್ಟಿಸು. ನಮ್ಮ ಹೊಲದ್ದು. ಬ್ಯಾಗ ಬೇಯ್ತೈತೆ ಅಂತ ಹೇಳು.” ಗಂಟನ್ನು ನನ್ನ ಕೈಗೆ ಹಾಕಿ, ಬಸ್ಸಿನ ಕಡೆ ಹೊರಟೇಬಿಟ್ಟರು. ಮರುದಿನ ಬೆಳಿಗ್ಗೆ ಚಿತ್ರದುರ್ಗದ ಬಸ್ಸು ಹತ್ತುವ ಮೊದಲು ಬಬ್ಬೂರಿನ ಫಾರಂಗೆ ಹೋಗಿ, ಹೆಸರು, ಊರು ಬರೆಸಿ ಅದನ್ನು ಕೊಟ್ಟು ಬಂದೆ. ಅಷ್ಟರಿಂದ ಮನಸ್ಸು ಹಗುರವಾದೀತೆಂದು ಎಣಿಸಿದ್ದೆ. ಆಗಲಿಲ್ಲ.

ಏಕೆಂದರೆ ಹಿಂದಿನ ಸಂಜೆಯೇ, ಜನ ಖಾಲಿಯಾದ ಮೇಲೆ, ವಿಶಾಲಾಕ್ಷಮ್ಮ ನನ್ನನ್ನು ಕಂಡು ಕರೆದಿದ್ದರು. ಚಿಕ್ಕ ಹುಡುಗಿಯ ಹಾಗೆ ನಗುತ್ತಿದ್ದರು. “ನೋಡಿದಿರಾ? ನಾನು ಹೇಳಲಿಲ್ವಾ? ನೀವು ಬ್ಯಾಲೆ ಅಂತ ಸರಿಯಾಗಿ ಹಾಕಿದಿರಿ, ಜನ ಬಂದರು! ನಾವು ಪೇಪರೇ ನೋಡಲಿಲ್ಲ, ಒಂದು ಪ್ರತಿ ಇದ್ದರೆ ಕೊಡಿ.” ನನ್ನ ಚೀಲದಲ್ಲಿ ಪ್ರತಿಯಿತ್ತು. ಇಲ್ಲ ಎಂದೆ. “ಇರಲಿ. ಹೊಸದುರ್ಗ ಖಂಡಿತ” ಎಂದರು.

ಚಿತ್ರದುರ್ಗಕ್ಕೆ ಬಂದರೆ ಸಂಪಾದಕರು ಕಾಯುತ್ತಿದ್ದರು. ಹಿರಿಯೂರಿನ ಪತ್ರಿಕೆ ಏಜೆಂಟು ಫೋನ್ ಮಾಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದನಂತೆ. ಮೇಜಿನ ಮುಂದೆ ರುದ್ರಪ್ಪ ನಿಂತಿದ್ದ. ಅವನು ಗೋಡೆಯ ಪಟ್ಟಿಯನ್ನೇ ಕಿತ್ತು ತಂದು ಮೇಜಿನ ಮೇಲಿಟ್ಟಿದ್ದ. ಸಂಪಾದಕರು ಅದನ್ನು ಓದಿ ನನ್ನ ಕಡೆ ತಿರುಗಿದರು.

“ಪ್ರೂಫ್ ನೋಡಿದ್ದು ಯಾರು?”

“ನಾನೇ ಸಾರ್.”

“ಕಣ್ಣು ಎಲ್ಲಿತ್ತು?”

“ತಪ್ಪಿಹೋಯಿತು ಸಾರ್.”

“ತಿದ್ದುಪಡಿ ಬರೆ.”

“ಕಾರ್ಯಕ್ರಮ ಮುಗಿದುಹೋಗಿದೆ. ಈಗ ತಿದ್ದಿ ಏನು...”

“ಕಾರ್ಯಕ್ರಮ ಮುಗೀತು, ಪತ್ರಿಕೆ ಮುಗಿದಿಲ್ಲ” ಎಂದರು ಸಂ­ಪಾದಕರು. “ಇನ್ನು ಇಪ್ಪತ್ತು ವರ್ಷ ಬಿಟ್ಟು ಫೈಲು ತೆಗೆದವನು, ಅವತ್ತು ಹಿರಿಯೂರಲ್ಲಿ ಬೇಳೆ ತೋರಿಸಿದರು ಅಂದ್ಕೋಬೇಕಾ?”

ಅವರು ಹೇಳಿದ್ದು ಸರಿ, ಅದೇ ನನ್ನ ಕಸುಬು ಕೂಡ. ಬರೆದೆ: ‘ಹಿರಿಯೂರಿನ ಪ್ರಕಟಣೆಯಲ್ಲಿ ಬೇಳೆ ಪ್ರದರ್ಶನ ಎಂದಿರುವುದನ್ನು ಬ್ಯಾಲೆ ಪ್ರದರ್ಶನ ಎಂದು ಓದಿಕೊಳ್ಳಬೇಕಾಗಿ ವಿನಂತಿ. ತಪ್ಪಿಗೆ ವಿಷಾದಿಸುತ್ತೇವೆ.’ ಎರಡು ವಾಕ್ಯಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ರುದ್ರಪ್ಪ ಅದನ್ನು ಕೈಗೆ ತೆಗೆದುಕೊಂಡು ಒಂದೊಂದೇ ಮೊಳೆ ಜೋಡಿಸುತ್ತ, ತಲೆಯೆತ್ತದೆ ಹೇಳಿದ:

“ಸ್ವಾಮಿ, ಆ ಪ್ರೂಫು ನನ್ನ ಹತ್ರ ಐತೆ. ಬೇಳೆ ಪಕ್ಕ ನಿಮ್ಮ ಪೆನ್ಸಿಲ್ ಚುಕ್ಕೆ ಐತೆ. ಒತ್ತಿ ನಿಂತಿರೋ ಚುಕ್ಕೆ.”

“ಸಂಪಾದಕರಿಗೆ ತೋರಿಸಿದೆಯಾ?”

“ನಂಗ್ಯಾಕೆ ಬೇಕ್ರಿ? ನನ್ನ ತಪ್ಪಲ್ಲ ಅಂತ ಗೋಡೆ ಹೇಳ್ತು, ಸಾಕು. ನಿಮ್ದು ನೀವು ನೋಡ್ಕಳ್ರಿ.”

ತಿದ್ದುಪಡಿ ಅಚ್ಚಾಯಿತು. ಎರಡು ದಿನದ ಮೇಲೆ ಹೊಸದುರ್ಗಕ್ಕೆ ಹೋದೆ. ದಾರಿಯುದ್ದಕ್ಕೂ, ಪೇಪರು ಅವರ ಕೈಗೆ ಸಿಕ್ಕಿರಲಾರದು ಎಂದು ಲೆಕ್ಕ ಹಾಕಿದೆ. ಅಲ್ಲಿ ಕಾರ್ಯಕ್ರಮ ಹೈಸ್ಕೂಲಿನ ಹಾಲ್‌ನಲ್ಲಿ. ಮಧ್ಯಾಹ್ನದ ಬಿಸಿಲಿಗೆ ಮೆಟ್ಟಿಲ ಮೇಲೆ ವಿಶಾಲಾಕ್ಷಮ್ಮ ಕೂತು ಗೆಜ್ಜೆಗೆ ಹೊಸ ದಾರ ಪೋಣಿಸುತ್ತಿದ್ದರು. ಪಕ್ಕದಲ್ಲಿ ಮಡಿಸಿದ ನಮ್ಮ ಪತ್ರಿಕೆ, ಗಾಳಿಗೆ ಹಾರದಂತೆ ಮೇಲೊಂದು ಕಲ್ಲು.

“ಬನ್ನಿ. ನಿಮ್ಮ ತಿದ್ದುಪಡಿ ಓದಿದೆ” ಎಂದರು. “ಪ್ರೂಫ್ ಯಾರು ನೋಡ್ತಾರೆ ನಿಮ್ಮಲ್ಲಿ?”

“ನಾನು.”

“ಕಣ್ಣಿಗೆ ಬೀಳಲಿಲ್ವಾ?”

ತಪ್ಪಿಹೋಯಿತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸಂಪಾದಕರ ಮುಂದೆ ಆಡಿದ್ದೆ, ಪಳಗಿತ್ತು. “ಬಿತ್ತು” ಎಂದೆ.

ಅವರು ಸೂಜಿ ಪಕ್ಕಕ್ಕಿಟ್ಟರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಖಾಲಿ ಕುರ್ಚಿಗೆ ನಾನು ಬೇಕಾದಷ್ಟು ಸಲ ಕುಣಿದಿದ್ದೀನಿ. ಅದು ನಿಜವಾದ ಖಾಲಿ. ಹಿರಿಯೂರಲ್ಲಿ ಆ ಜನಕ್ಕೆ ಮೂರು ದಿಕ್ಕಿಗೆ ತಿರುಗಿ ಕೈ ಮುಗಿದೆನಲ್ಲ, ನೀವು ಹಿಂದೆ ಕೂತು ನೋಡ್ತಿದ್ದಿರಿ. ಆ ಸಂತೋಷದಲ್ಲಿ ಎರಡು ದಿನ ಊಟ ಸೇರಲಿಲ್ಲ ನನಗೆ. ಅದು ಈಗ ನನ್ನದೋ, ನಿಮ್ಮ ಬೇಳೆಯದೋ? ಹೇಳಿ.”

“ಹೊಸದುರ್ಗ ತಪ್ಪಿಹೋಗುತ್ತೆ ಅಂತ ಹೆದರಿಕೆಯಾಯ್ತು ಅಮ್ಮ. ಕುರಿಯ ಕೊನೆ ನೋಡಬೇಕಿತ್ತು.”

“ಕೊನೆ ಸಿಕ್ಕಿದೆ” ಎಂದರು. “ಇವತ್ತು ಮಾಡ್ತೀನಿ. ಎಷ್ಟು ಜನ ಬಂದರೆ ಅಷ್ಟು ಜನಕ್ಕೆ. ನೀವು ಮಾತ್ರ ಒಳಗೆ ಬರಬೇಡಿ.”

“ಅಮ್ಮ, ಅದೊಂದಕ್ಕೇ...”

“ನಿಮ್ಮ ಬೇಳೆ ನನ್ನ ಹತ್ತಿರ ಬೇಯಲ್ಲ” ಎಂದುಬಿಟ್ಟರು. ಆಡಿದ ಮೇಲೆ ಆ ಗಾದೆ ಅವರ ಕಿವಿಗೇ ಬಿದ್ದು, ತುಟಿಯಂಚು ಒಂದು ಕ್ಷಣ ನಡುಗಿತು. ನಗಲಿಲ್ಲ. ಗೆಜ್ಜೆ ಎತ್ತಿಕೊಂಡು ಒಳಗೆ ಹೋದರು.

ಯಾರೂ ಬಾಗಿಲಲ್ಲಿ ಕಾವಲಿರಲಿಲ್ಲ. ಒಳಗೆ ಹೋಗಿ ಕಂಬದ ಮರೆಯಲ್ಲಿ ಕೂರಬಹುದಿತ್ತು. ಆರು ಗಂಟೆಯಿಂದ ಎಂಟರವರೆಗೆ ಆ ರಸ್ತೆಯಲ್ಲಿ ನಾನು ಎಷ್ಟು ಸಲ ಬಾಗಿಲವರೆಗೆ ಹೋಗಿ ಬಂದೆನೋ. ಎದುರಿನ ಸೈಕಲ್ ಷಾಪಿನವನು ಕೊನೆಗೆ ಒಂದು ಸ್ಟೂಲು ಕೊಟ್ಟ. ಅದರ ಮೇಲೂ ಕೂರಲಾಗಲಿಲ್ಲ. ಹಾಲ್‌ನ ಕಿಟಕಿಗಳು ಎತ್ತರದಲ್ಲಿದ್ದವು. ಬಿತ್ತನೆಯ ತಾಳ ಕೇಳಿಸಿತು, ಗುರುತು ಹತ್ತಿತು. ಮಳೆಯ ಕುಣಿತ ಬಂತು, ಹೋಯಿತು. ಆಮೇಲೆ ನನಗೆ ಗೊತ್ತಿಲ್ಲದ ತಾಳ ಶುರುವಾಯಿತು. ಕಲ್ಲು ಹತ್ತುವುದು ಗೆಜ್ಜೆಯಲ್ಲೇ ತಿಳಿಯಿತು. ಹಳ್ಳಕ್ಕೆ ಇಳಿದದ್ದು ತಿಳಿಯಿತು. ಮೃದಂಗ ನಿಂತಿತು: ಈಗ ಕತ್ತು ಹೊರಳಿಸಿದ್ದಾರೆ. ರಸ್ತೆಯ ಈಚೆ ಬದಿಯಲ್ಲಿ ನಾನೂ ಉಸಿರು ಬಿಗಿಹಿಡಿದು ನಿಂತೆ. ಬಹಳ ಹೊತ್ತು ಏನೂ ಇಲ್ಲ. ಎತ್ತಿನ ಗಾಡಿಯೊಂದು ನನ್ನ ಮುಂದೆ ಹಾದುಹೋಯಿತು. ಅದು ದಾಟಿದ ಮೇಲೆ ಗೆಜ್ಜೆ ಒಂದೇ ಒಂದು ಸಲ ಸದ್ದು ಮಾಡಿತು. ಮತ್ತೆ ಏನೂ ಇಲ್ಲ. ಅಲ್ಲಿಗೆ ಚಪ್ಪಾಳೆ.

ಹೊರಗೆ ಬಂದವರು ಹತ್ತೊಂಬತ್ತು ಜನ. ಎಣಿಸಿದೆ. ಮೊದಲು ಕೈಗೆ ಸಿಕ್ಕಿದ್ದು ಮಧ್ಯವಯಸ್ಸಿನ ಗಂಡ ಹೆಂಡತಿ. ಪತ್ರಿಕೆಯವನು ಎಂದು ಹೇಳಿಕೊಂಡು, ಪುಸ್ತಕ ಪೆನ್ಸಿಲು ತೆಗೆದು ಕೇಳಿದೆ: “ಕೊನೆಯದರಲ್ಲಿ ಕುರಿ ಸಿಕ್ಕಿತಾ?”

“ಸಿಕ್ತಲ್ರಿ!” ಎಂದಳು ಹೆಂಡತಿ. “ಸಿಕ್ಕಿದ್ದಕ್ಕೇ ಅಲ್ವಾ ಆಯಮ್ಮ ಹಂಗೆ ಕುಂತಿದ್ದು?”

“ಎಲ್ಲಿ ಸಿಕ್ತೇ?” ಎಂದ ಗಂಡ. “ಇನ್ನು ಸಿಗಲ್ಲ ಅಂತ ಕುಂತ್ಲು.”

“ನಿಮಗೆ ಕಣ್ಣಿಲ್ಲ. ಮಡಿಲು ಹೆಂಗೆ ಹಿಡ್ಕಂಡಿದ್ಲು?”

“ಖಾಲಿ ಮಡಿಲೇ ಅದು. ಸುಮ್ನೆ ಹಿಡ್ಕಂಡಿದ್ಲು. ನಾನೇನು ಕುರಿ ಕಾಯ್ದೋನಲ್ವಾ?”

“ಕಾಯ್ದಿರಿ. ಎರಡು ಕಳಕಂಡೂ ಬಂದ್ರಿ.”

ಮಿಕ್ಕವರಲ್ಲಿ ಕೆಲವರು ಸುತ್ತ ನಿಂತರು. ಸಿಕ್ಕಿತು ಎನ್ನುವವರು ಅವಳ ಕಡೆ, ಇಲ್ಲ ಎನ್ನುವವರು ಅವನ ಕಡೆ. ಮಾತು ಜೋರಾಯಿತು. ನನ್ನ ಪೆನ್ಸಿಲು ಒಂದಕ್ಷರವನ್ನೂ ಬರೆಯದೆ ಕಾಗದದ ಮೇಲೆ ನಿಂತಿತ್ತು. ಕೊನೆಗೆ ಆ ಹೆಂಗಸು ನನ್ನ ಕಡೆ ತಿರುಗಿದಳು.

“ನೀವೇ ಹೇಳ್ರಿ ಅಣ್ಣ, ಪೇಪರ್‌ನೋರು. ಸಿಕ್ತೋ ಇಲ್ವೋ?”

“ಗೊತ್ತಿಲ್ಲ ಕಣಮ್ಮ. ನಾನು ನೋಡಲಿಲ್ಲ.”

ಅವಳು ನನ್ನನ್ನೂ, ಕೈಯಲ್ಲಿದ್ದ ಪುಸ್ತಕವನ್ನೂ, ಸೈಕಲ್ ಷಾಪಿನ ಸ್ಟೂಲನ್ನೂ ಒಂದು ಸುತ್ತು ನೋಡಿದಳು.

“ಮತ್ತೆ ಅಷ್ಟೊತ್ತು ಇಲ್ಲೇನ್ ಮಾಡ್ತಿದ್ರಿ?”